ವೀರಗಲ್ಲಿಗೆ ಸೋಪಿನ ಅಭಿಷೇಕ

ಹೋದ ಸಲ ಊರಿಗೆ ಹೋದಾಗ ಚಿಕ್ಕಮ್ಮ ಕೆರೆ ಹತ್ರ ಬೆಡ್‌ಶೀಟ್ ಒಗೀತಿದ್ರು, ಕಲ್ಲು ನೋಡಿ ನಂಗೆ ಎದೆ ಧಸಕ್ ಅಂತು. ವೀರಗಲ್ಲು ರೀ! ಕೆಳಗೆ ಕತ್ತಿ ಹಿಡಿದ ವೀರ, ಮಧ್ಯ ಅವನನ್ನ ಸ್ವರ್ಗಕ್ಕೆ ಎತ್ಕೊಂಡು ಹೋಗ್ತಿರೋ ಅಪ್ಸರೆಯರು, ಮೇಲೆ ಲಿಂಗ, ಸೂರ್ಯ, ಚಂದ್ರ, ಇಷ್ಟೂ ಜನರ ತಲೆ ಮೇಲೆ ನೊರೆ. ಕೆತ್ತನೆ ಇರೋ ಕಡೆಯೇ ಮೇಲೆ ಮಾಡಿ ಹಾಕಿದಾರೆ, ತರಿತರಿ ಇದ್ರೆ ಕೊಳೆ ಚೆನ್ನಾಗಿ ಬಿಡುತ್ತಂತೆ. ವೀರನ ಮೂಗು ಪೂರ್ತಿ ಸವೆದುಹೋಗಿದೆ.

"ಚಿಕ್ಕಮ್ಮ, ಇದು ಯುದ್ಧದಲ್ಲಿ ಸತ್ತವನ ಕಲ್ಲು" ಅಂದೆ.

"ಸತ್ತಿದ್ದು ನಿನ್ನೆ ಮೊನ್ನೆನಾ? ಸೂತಕ ಎಲ್ಲಾ ಕಳ್ದಿರುತ್ತೆ ಬಿಡೋ, ಆ ತುದಿ ಹಿಡ್ಕೊ, ಹಿಂಡೋಣ."

ಇನ್ನೊಂದು ವೀರಗಲ್ಲು ಚರಂಡಿಗೆ ಮುಚ್ಚಳ. ಮೂರನೇದಕ್ಕೆ ಯಾರೋ ಆಯಿಲ್ ಪೇಂಟ್ ಬಳಿದು ಕಣ್ಣು ಬರೆದು ದೇವ್ರು ಮಾಡಿದಾರೆ, ಶೀಟಿನ ಮಾಡು, ಹುಂಡಿ ಎಲ್ಲಾ ಬಂದಿದೆ. ಒಂದೇ ಬ್ಯಾಚು, ಒಬ್ಬನಿಗೆ ಮಾತ್ರ ಪ್ರಮೋಷನ್.

ಬೆಂಗಳೂರಿನವ್ರು ನಗಬೇಡಿ. ನಿಮ್ಮೂರ ಹೆಸರು ಮೊದಲು ಸಿಗೋದೇ ಬೇಗೂರಿನ ವೀರಗಲ್ಲಲ್ಲಿ, ಸುಮಾರು ಕ್ರಿ.ಶ. 890ರದ್ದು, 'ಬೆಂಗಳೂರು ಕಾಳಗ'ದಲ್ಲಿ ಸತ್ತ ಬುಟ್ಟಣಸೆಟ್ಟಿ ನೆನಪಿಗೆ ನಿಲ್ಸಿದ್ದು. ಆದ್ರೆ ಕ್ಯಾಬ್ ಡ್ರೈವರಿಂದ ಹಿಡಿದು ಸ್ಕೂಲ್ ಮಕ್ಕಳವರೆಗೂ ಯಾರನ್ನ ಕೇಳಿದ್ರೂ ವೀರಬಲ್ಲಾಳ, ಅಜ್ಜಿ, ಬೆಂದಕಾಳು. ಆ ಬಲ್ಲಾಳ ಹುಟ್ಟಿದ್ದೇ ಎರಡೂವರೆ ಶತಮಾನ ಆದ್ಮೇಲೆ ಸ್ವಾಮಿ! ಊರಿಗೋಸ್ಕರ ಹೊಡೆದಾಡಿ ಸತ್ತವನಿಗಿಂತ ಕಾಳು ತಿಂದವನೇ ಫೇಮಸ್ಸು.

2023ರಲ್ಲಿ ಟಿಪ್ಪುವಿನ ಕತ್ತಿ ಲಂಡನ್ ಹರಾಜಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯ್ತಲ್ಲ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷಿನವ್ರು ಹೊತ್ಕೊಂಡು ಹೋಗಿದ್ದು, ಅವತ್ತು ನಮ್ಮ ಫ್ಯಾಮಿಲಿ ಗ್ರೂಪಲ್ಲಿ 'ನಮ್ಮ ಪರಂಪರೆ ಲೂಟಿ' ಅಂತ ಅಳೋ ಎಮೋಜಿ ಸಮೇತ ಹಾಕಿದ್ದು ಯಾರು ಗೊತ್ತಾ? ಚರಂಡಿ ಮೇಲೆ ಕಲ್ಲು ಹಾಕ್ಸಿದ ನಮ್ಮ ಮಾವ.

ಈ ವಿಷ್ಯದಲ್ಲಿ ಹಿಂದಿನವ್ರೇ ಹುಷಾರು. ಮದ್ದೂರು ತಾಲ್ಲೂಕಿನ ಆತಕೂರು ಶಾಸನ ನೋಡಿ, ಈಗ ಬೆಂಗಳೂರು ಮ್ಯೂಸಿಯಮ್ಮಲ್ಲಿದೆ. 949ರಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ಆದ ತಕ್ಕೋಲ ಯುದ್ಧದ ಕಥೆ ಹೇಳುತ್ತೆ, ಜೊತೆಗೆ ಹಂದಿ ಮೇಲೆ ಬಿದ್ದು ಸತ್ತ ಕಾಳಿ ಅನ್ನೋ ನಾಯಿದೂ. ಕಲ್ಲಿಗೆ ಪೂಜೆ ಮಾಡದೆ ಗೊರವ, ಅಂದ್ರೆ ಅಲ್ಲಿನ ಶೈವ ಪೂಜಾರಿ, ಉಂಡ್ರೆ ನಾಯಿ ಮಾಡಿದ ಪಾಪ ಅವನಿಗೆ ಅಂತ ಕಂಡೀಷನ್ ಬೇರೆ. ಒಗೆದ್ರೆ ಯಾವ ಪಾಪ ಅಂತ ಮಾತ್ರ ಬರೆಸಿಲ್ಲ.

ಚಿಕ್ಕಮ್ಮಂಗೆ ಇದನ್ನೂ ಹೇಳ್ದೆ. "ಮತ್ತಿನ್ನೇನು" ಅಂತ ಇನ್ನೊಂದು ಬಕೆಟ್ ತಂದ್ರು.