ಎಂಟುನೂರ ಹದಿನಾರು ಸಲ ಹಿಂದಕ್ಕೆ

ಸರ್ಕಾರಿ ಆ್ಯಪ್‌ಗಳು ಜನರ ಕೈಗೆ ಎಷ್ಟು ಸಲೀಸು ಅಂತ ಅಳೆದು ನೋಡುವ ಹುಚ್ಚು ನನಗೊಮ್ಮೆ ಹತ್ತಿತು. ಐದು ಜನರ ಕೈಲಿ ಬಳಸಿಸಿ ನೋಡಿದರೆ ನೂರಕ್ಕೆ 85ರಷ್ಟು ತೊಡಕುಗಳು ಹೊರಬೀಳುತ್ತವೆ ಅಂತ ಬಳಕೆಯ ಸಲೀಸುತನ ಅಳೆಯುವ ತಜ್ಞ ಜಾಕೋಬ್ ನೀಲ್ಸನ್ 2000ದಲ್ಲೇ ಬರೆದಿಟ್ಟಿದ್ದಾರೆ. ನನ್ನ ಬಳಿ ಐದು ಜನ ಇರಲಿಲ್ಲ. ಅಮ್ಮ ಇದ್ದಳು. ಒಬ್ಬಳೇ ಐವರಿಗೆ ಸಮ.

“ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಹೋಗಮ್ಮ” ಅಂದೆ. ಇಂಥ ಪರೀಕ್ಷೆಯ ಪದ್ಧತಿಯೇ ಅದು. ಅಮ್ಮನಿಗೆ ಈ ವಿಷಯದಲ್ಲಿ ತರಬೇತಿ ಬೇಕಾಗಲಿಲ್ಲ.

ಹುಟ್ಟಿದ ದಿನಾಂಕದ ಖಾನೆ ಮುಟ್ಟಿದಳು. ಕ್ಯಾಲೆಂಡರ್ ತೆರೆಯಿತು, ಈಗ ನಡೆಯುತ್ತಿರುವ ತಿಂಗಳಿನಲ್ಲಿ. ಪಕ್ಕಕ್ಕೊಂದು ಪುಟಾಣಿ ಬಾಣ. ಒಮ್ಮೆ ಒತ್ತಿದರೆ ಒಂದು ತಿಂಗಳು ಹಿಂದೆ. ಅಮ್ಮನಿಗೆ 68. ಮನಸ್ಸಿನಲ್ಲೇ ಗುಣಿಸಿದೆ: 816 ಸಲ. ಪರೀಕ್ಷೆ ಮಾಡುವವರು ನಡುವೆ ಬಾಯಿ ಹಾಕಬಾರದಂತೆ. ತುಟಿ ಕಚ್ಚಿ ಕೂತೆ.

ಒತ್ತುವ ಗುಂಡಿಗೆ 48 ಡಿಪಿ (ಪರದೆಯ ಮೇಲಿನ ಅಳತೆ) ಜಾಗವಾದರೂ ಬಿಡಿ ಅಂತ ಆಂಡ್ರಾಯ್ಡ್‌ನವರು ಹೇಳುತ್ತಲೇ ಇದ್ದಾರೆ. ಈ ಬಾಣ ಅದನ್ನು ಕಿವಿಗೆ ಹಾಕಿಕೊಂಡಂತಿರಲಿಲ್ಲ. ಆದರೂ ಅಮ್ಮ ಬಿಡಲಿಲ್ಲ. “ಇದು ನಿನ್ನ ಮದುವೆ ತಿಂಗಳು… ಇದು ನೀನು ಲೆಕ್ಕದಲ್ಲಿ ಫೇಲಾದದ್ದು…” ತಡೆಯಲಾರದೆ ನಾನು “ಅಮ್ಮಾ, ಒಂದು ನಿಮಿಷ” ಅಂದರೆ, “ನೀನಿನ್ನೂ ಹುಟ್ಟೇ ಇಲ್ಲ, ಸುಮ್ನಿರು!”

ಅಷ್ಟರಲ್ಲಿ ಪರದೆ ಬೆಳ್ಳಗಾಯಿತು. ‘ನಿಮ್ಮ ಅವಧಿ ಮುಗಿದಿದೆ.’ 68 ತುಂಬಿದವರಿಗೆ ಹೇಳುವ ಮಾತೇ ಅದು! ಅವಧಿ ಮುಗಿಯುವ ಮುನ್ನ ಎಚ್ಚರಿಸಿ, ಮುಂದುವರಿಸಲು ಕಡೇಪಕ್ಷ 20 ಸೆಕೆಂಡು ಕೊಡಿ ಅಂತ, ಜಾಲತಾಣಗಳು ಎಲ್ಲರಿಗೂ ಎಟುಕಲಿ ಅಂತ ಮಾಡಿದ ಡಬ್ಲ್ಯೂಸಿಎಜಿ ಮಾರ್ಗಸೂಚಿ ಹೇಳುತ್ತದೆ. ಇಲ್ಲಿ ಸೀದಾ ಕದ ಹಾಕಿದ್ದರು. “ನನ್ನ ಹೆರೋಕೆ ನಮ್ಮಮ್ಮನೂ ಇಷ್ಟು ಕಷ್ಟಪಟ್ಟಿರಲಿಕ್ಕಿಲ್ಲ” ಅಂದಳು ಅಮ್ಮ.

ಮೂಲೆಯಲ್ಲಿ ಕೂತಿದ್ದ ಮಗ ತಲೆಯೆತ್ತದೆ, “ಅಜ್ಜಿ, ಮೇಲಿರೋ ಇಸವಿ ಮೇಲೆ ಒತ್ತಿ, ವರ್ಷಗಳೆಲ್ಲ ಬರುತ್ತೆ” ಅಂದ. ಬಂತು. ಅದು ಒತ್ತುವ ವಸ್ತು ಅಂತ ಗೊತ್ತಾಗಲು ಒಂದು ಗೆರೆಯಾದರೂ ಬೇಡವೇ? ಇರಲಿ. ಮುಂದೆ ಒಟಿಪಿ ನೋಡಲು ಮೆಸೇಜಿಗೆ ಹೋಗಿ ಬರುವಷ್ಟರಲ್ಲಿ ಆ್ಯಪ್ ಮತ್ತೆ ಮೊದಲ ಪುಟಕ್ಕೆ ಬಂದು ನಿಂತಿತ್ತು.

ಕೊನೆಗೆ ಅಂಕ ಕೊಡುವ ಕೆಲಸ. ಬಳಕೆ ಎಷ್ಟು ಸಲೀಸು ಅಂತ ಅಳೆಯಲು ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಹತ್ತು ಹೇಳಿಕೆಗಳಿವೆ. ಪ್ರತಿಯೊಂದಕ್ಕೂ ಒಂದರಿಂದ ಐದು; ಐದೆಂದರೆ ಪೂರ್ತಿ ಒಪ್ಪಿಗೆ. ಒಂದು ಹೊಗಳಿಕೆ, ಮರುಸಾಲು ತೆಗಳಿಕೆ.

“ಇದನ್ನ ಆಗಾಗ ಬಳಸೋಕೆ ಇಷ್ಟಪಡ್ತೀಯಾ?”

“ಪಾಪ, ಮಾಡಿದವರಿಗೆ ಬೇಜಾರಾಗುತ್ತೆ. ಐದು ಹಾಕು.”

“ಬಳಸೋಕೆ ಬೇರೆಯವರ ನೆರವು ಬೇಕಾ?”

“ಅದಕ್ಕೂ ಐದು. ಎಲ್ಲದಕ್ಕೂ ಐದೇ ಹಾಕು, ಕಂಜೂಸ್ ಮಾಡಬೇಡ.”

ಹೊಗಳಿಕೆಗೆ ಕೊಟ್ಟ ಐದು ಪೂರ್ತಿ ಬಂತು, ತೆಗಳಿಕೆಗೆ ಕೊಟ್ಟ ಐದು ಸೊನ್ನೆಯಾಯಿತು. ನೂರಕ್ಕೆ 50. ಸಾಮಾನ್ಯವಾಗಿ 68 ಬಂದರೆ ಸರಾಸರಿ ಅನ್ನುತ್ತಾರೆ.

“ಐವತ್ತು ಬಂತಲ್ಲ, ಪಾಸು ಬಿಡು” ಅಂದಳು ಅಮ್ಮ. ಅಷ್ಟುಹೊತ್ತಿಗೆ ದಾಖಲೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಕಚೇರಿಗೆ ಹೋಗಲು ಚಪ್ಪಲಿ ಮೆಟ್ಟುತ್ತಿದ್ದಳು.