ಮೆಂಟರ್ ಕುಡಿದ ಕಾಫಿಯ ಬಿಲ್ಲು

ನಮ್ಮ ಪಕ್ಕದ ಮನೆ ಹುಡುಗ ಒಂದು ಡಬ್ಬಿ ಮಾಡಿದ್ದಾನೆ. ಮಹಡಿ ಮೇಲಿನ ಟ್ಯಾಂಕ್ ತುಂಬಿದ ಕೂಡಲೇ ಅದು ಫೋನಿಗೆ ಮೆಸೇಜು ಕಳಿಸುತ್ತದೆ. ಎಸ್‌ಪಿ ರೋಡಿನಿಂದ ತಂದ ಸೆನ್ಸರ್, ಹಳೇ ಟಿಫಿನ್ ಡಬ್ಬಿ, ಸುತ್ತ ಕರೀ ಟೇಪು. ಕೆಲಸ ಮಾಡುತ್ತದೆ, ಹತ್ತರಲ್ಲಿ ಏಳು ಸಲ. ಇನ್ನೂ ನೂರು ಡಬ್ಬಿ ಮಾಡಲು ಅವನಿಗೆ ಎರಡು ಲಕ್ಷ ರೂಪಾಯಿ ಬೇಕು. ಸಿಕ್ಕಿರುವುದು ಆರು ಜನ ಮೆಂಟರ್‌ಗಳು.

ದುಡ್ಡು ಕೇಳಿದರೆ ಬುದ್ಧಿ ಹೇಳುವವರು ಹಿಂದೆಯೂ ಇದ್ದರು. ಆಗ ಅವರನ್ನು ಸೋದರಮಾವ ಎನ್ನುತ್ತಿದ್ದೆವು. ಮಾವನಿಗೆ ಮನೆ ಕಾಫಿ ಸಾಕಿತ್ತು. ಇವರಿಗೆ ಕೋರಮಂಗಲದ ಮುನ್ನೂರು ರೂಪಾಯಿ ಕಾಫಿಯೇ ಆಗಬೇಕು. ಬಿಲ್ಲು ಹುಡುಗನದು.

‘ಟ್ಯಾಂಕ್ ಚಿಕ್ಕದಾಯ್ತು, ಸಮುದ್ರದ ಬಗ್ಗೆ ಯೋಚಿಸು’ ಎಂದರು ಒಬ್ಬರು. ‘ಇದರಲ್ಲಿ ಎಐ ಎಲ್ಲಿದೆ?’ ಎಂದರು ಇನ್ನೊಬ್ಬರು. ಹುಡುಗ ಮನೆಗೆ ಬಂದು ಟೇಪಿನ ಮೇಲೆ ಬಿಳಿ ಪೆನ್ನಿನಲ್ಲಿ ‘ಎಐ’ ಎಂದು ಬರೆದ.

ಮೂರನೆಯವರು ಕ್ರೌಡ್‌ಫಂಡಿಂಗ್ ಮಾಡು, ಅಂದರೆ ಆನ್‌ಲೈನಿನಲ್ಲಿ ಊರವರಿಂದೆಲ್ಲ ಸ್ವಲ್ಪ ಸ್ವಲ್ಪ ದುಡ್ಡು ಎತ್ತು ಎಂದು ಕಥೆ ಹೇಳಿದರು. ಅಮೆರಿಕದಲ್ಲಿ ‘ಕೂಲೆಸ್ಟ್ ಕೂಲರ್’ ಅಂತ ಒಂದು ಐಸ್ ಪೆಟ್ಟಿಗೆ. ಅದರಲ್ಲೇ ಮಿಕ್ಸಿ, ಅದರಲ್ಲೇ ಸ್ಪೀಕರ್. 2014ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಚಂದಾ ಎತ್ತುವ ವೆಬ್‌ಸೈಟಿನಲ್ಲಿ 62 ಸಾವಿರ ಜನ ಸೇರಿ 1.3 ಕೋಟಿ ಡಾಲರ್ ಸುರಿದರು! ಇಷ್ಟು ಹೇಳಿ ಇನ್ನೊಂದು ಕಾಫಿ ತರಿಸಿದರು. 2019ರಲ್ಲಿ ಕಂಪನಿ ಬಾಗಿಲು ಹಾಕಿತು, ಸುಮಾರು 20 ಸಾವಿರ ಜನಕ್ಕೆ ಪೆಟ್ಟಿಗೆಯೇ ಬರಲಿಲ್ಲ. ಆ ಭಾಗ ಎರಡನೇ ಸೆಷನ್‌ಗೆ ಇಟ್ಟುಕೊಂಡಿರಬೇಕು.

ಸರಿ, ದುಡ್ಡು ಕೊಟ್ಟವರಿಗೆ ಶೇರು ಕೊಡೋಣ ಎಂದುಕೊಂಡ ಹುಡುಗ. ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಅಡ್ಡ ಬಂತು. ಖಾಸಗಿಯಾಗಿ ಶೇರು ಕೊಡುವುದಾದರೆ ವರ್ಷಕ್ಕೆ 200 ಜನ, ಅಷ್ಟೇ. ಜಾಹೀರಾತು ಹಾಕುವಂತಿಲ್ಲ. ಊರಿಗೆಲ್ಲ ಸಾರದೆ ಊರಿನ ದುಡ್ಡು ಎತ್ತುವುದು ಹೇಗೋ! 2014ರಲ್ಲಿ ಶೇರುಪೇಟೆಯ ಕಾವಲುಗಾರ ಸೆಬಿ ಕ್ರೌಡ್‌ಫಂಡಿಂಗ್ ಬಗ್ಗೆ ಚರ್ಚಾ ಪತ್ರ ಹೊರಡಿಸಿ ನಿಮ್ಮ ಅಭಿಪ್ರಾಯ ತಿಳಿಸಿ ಎಂದಿತು. 2016ರಲ್ಲಿ, ಆನ್‌ಲೈನಿನಲ್ಲಿ ಹೀಗೆ ದುಡ್ಡು ಎತ್ತುವವರಿಂದ ಹುಷಾರ್ ಎಂದಿತು.

ನಮ್ಮ ಬೀದಿ ಗಣಪತಿಗೆ 200ಕ್ಕಿಂತ ಜಾಸ್ತಿ ಮನೆಯವರು ಚಂದಾ ಕೊಡುತ್ತಾರೆ. ಪುಣ್ಯಕ್ಕೆ ಅವನು ಶೇರು ಕೊಡುವುದಿಲ್ಲ, ಚರ್ಪು ಕೊಡುತ್ತಾನೆ. ಹುಡುಗನೂ ಈಗ ಹಾಗೇ ಮಾಡಲು ಹೊರಟಿದ್ದಾನೆ. ಸಾವಿರ ಕೊಟ್ಟವರಿಗೆ ಟೀ ಶರ್ಟು, ಎರಡು ಸಾವಿರಕ್ಕೆ ಡಬ್ಬಿ. ನಾನೂ ಎರಡು ಸಾವಿರ ಕೊಟ್ಟಿದ್ದೇನೆ. ಸದ್ಯಕ್ಕೆ ಟೀ ಶರ್ಟು ಬಂದಿದೆ.

ಮೊನ್ನೆ ಭಾನುವಾರ ಆರನೇ ಮೆಂಟರ್ ಜೊತೆ ಅವನ ವಿಡಿಯೊ ಕಾಲ್ ನಡೆದಿತ್ತು. ಹುಡುಗನ ಮನೆ ಟ್ಯಾಂಕ್ ತುಂಬಿ ನೀರು ಧೋ ಅಂತ ನಾವು ಒಣಹಾಕಿದ್ದ ಹಪ್ಪಳದ ಮೇಲೆ ಬಿತ್ತು. ‘ಮೋಟಾರ್ ಆಫ್ ಮಾಡೋ!’ ಅಂತ ಅವರಮ್ಮ ಕೂಗಿದ ಕೂಗು ಮೂರು ಬೀದಿಗೆ ಕೇಳಿಸಿತು.

ಡಬ್ಬಿ ಸರಿಯಾಗಿಯೇ ಮೆಸೇಜು ಕಳಿಸಿತ್ತಂತೆ. ಫೋನನ್ನು ಸೈಲೆಂಟ್‌ನಲ್ಲಿ ಇಡು ಎಂದಿದ್ದರಂತೆ ಮೆಂಟರ್.