ಹಳಿ ಇಲ್ಲದ ಊರಿನ ಪಾರಂಪರಿಕ ರೈಲು

ನಮ್ಮ ಭಾವ ಮಗನ ಮನೆಗೆ ಅಂತ ಇಂಗ್ಲೆಂಡಿಗೆ ಹೋಗಿ ಮೂರು ತಿಂಗಳು ಇದ್ದು ಬಂದರು. ಅಲ್ಲಿಂದ ಬರುವವರೆಲ್ಲ ಚಾಕಲೇಟು ತರುತ್ತಾರೆ. ಇವರು ಒಂದು ಐಡಿಯಾ ತಂದರು. ಚಾಕಲೇಟಾಗಿದ್ದರೆ ಎರಡು ದಿನದಲ್ಲಿ ಮುಗಿಯುತ್ತಿತ್ತು.

ಆದದ್ದು ಇಷ್ಟು. ಮಗ ಅವರನ್ನು ವೇಲ್ಸಿನ ಟಾಲಿಲಿನ್ ಎಂಬ ಪುಟ್ಟ ರೈಲು ಹತ್ತಿಸಿದ್ದ. ಸ್ಲೇಟು ಕಲ್ಲು ಸಾಗಿಸಲು 1865ರಲ್ಲಿ ಶುರುವಾದ ಲೈನು. ಹಳಿಗಳ ನಡುವೆ ಎರಡು ಅಡಿ ಮೂರು ಇಂಚು, ಅಷ್ಟೇ. 1946ರಲ್ಲಿ ಕಲ್ಲಿನ ಗಣಿ ಮುಚ್ಚಿತು. 1948ರಲ್ಲಿ ಅಲ್ಲಿನ ಸರ್ಕಾರ ದೇಶದ ರೈಲುಗಳನ್ನು ತನ್ನ ಕೈಗೆ ತೆಗೆದುಕೊಂಡಾಗ ಪಟ್ಟಿಯಲ್ಲಿ ಇದರ ಹೆಸರೇ ಇರಲಿಲ್ಲ. ಇದನ್ನು ಕೇಳಿದ ಕೂಡಲೇ ಆ ರೈಲು ನಮ್ಮ ಶಿರಸಿಗೆ ದೂರದ ನೆಂಟ ಇರಬೇಕು ಅನಿಸಿತು ನನಗೆ.

ಅದರ ಮಾಲೀಕ ಹೇಡನ್ ಜೋನ್ಸ್ ತಾನು ಬದುಕಿರುವ ತನಕ ರೈಲು ನಿಲ್ಲಿಸುವುದಿಲ್ಲ ಅಂದಿದ್ದರಂತೆ. ನಷ್ಟದಲ್ಲೇ ಓಡಿಸಿ 1950ರಲ್ಲಿ ತೀರಿಕೊಂಡರು. ಆಗ ಟಾಮ್ ರೋಲ್ಟ್ ಎಂಬ ಲೇಖಕ ಮತ್ತು ಒಂದಷ್ಟು ಜನ ಅಕ್ಟೋಬರಿನಲ್ಲಿ ಸಭೆ ಸೇರಿದರು. ಮರುವರ್ಷ ಮೇ ತಿಂಗಳಲ್ಲಿ ತಾವೇ ರೈಲು ಬಿಟ್ಟರು. ಸ್ವಯಂಸೇವಕರೇ ಉಳಿಸಿ ಓಡಿಸಿದ ರೈಲುಗಳಲ್ಲಿ ಪ್ರಪಂಚಕ್ಕೇ ಮೊದಲನೆಯದು. ಎಂಜಿನ್ ಸಾಲದೆ ಹೋದಾಗ ಹತ್ತಿರದ ಇನ್ನೊಂದು ಮುಚ್ಚಿದ ಲೈನಿನಿಂದ ಎರಡು ಹಳೆಯ ಎಂಜಿನ್ ಕೊಂಡರು. ಒಂದಕ್ಕೆ 25 ಪೌಂಡು.

"ಅಕ್ಟೋಬರಿನಲ್ಲಿ ಸಭೆ, ಮೇನಲ್ಲಿ ರೈಲು!" ಭಾವ ಬೆರಳು ಮಡಚಿ ಎಣಿಸಿದರು. "ನಮ್ಮಲ್ಲಿ ಸಭೆಯ ನಡಾವಳಿ ಬರೆಯೋಕೇ ಏಳು ತಿಂಗಳು ಬೇಕು."

ಆದರೆ ಭಾವನ ನಿದ್ದೆ ಕೆಡಿಸಿದ್ದು ರೈಲಲ್ಲ, ಜನ. ಟಿಕೆಟ್ ನೋಡಿದವರು ಪೆನ್ಶನ್ ತಗೊಳ್ಳುವ ಮುದುಕರು. ಬೋಗಿಗೆ ಉಪ್ಪುಕಾಗದ ಹಾಕಿ ತಿಕ್ಕುತ್ತಿದ್ದವರೂ ಅಂಥವರೇ. ಆ ದೇಶದಲ್ಲಿ ಹಳೆಯ ಮರದ ಬೋಗಿಗಳು ಎಷ್ಟೋ ಸಲ ಯಾರದೋ ಹೊಲದಲ್ಲಿ ಕೋಳಿಗೂಡಾಗಿ ಸಿಗುತ್ತವಂತೆ. ಅದನ್ನು ಎತ್ತಿ ತಂದು, ಕೊಳೆತ ಹಲಗೆ ಬದಲಿಸಿ, ಬಣ್ಣದ ಪದರ ಕೆರೆದು, ಮತ್ತೆ ಹಳಿ ಮೇಲೆ ನಿಲ್ಲಿಸಲು ವರ್ಷಗಟ್ಟಲೆ ದುಡಿಯುತ್ತಾರೆ. ಸಂಬಳ ಇಲ್ಲ. ಮೇಲಿಂದ ಸಂಘಕ್ಕೆ ವರ್ಷವರ್ಷ ಚಂದಾ ಕಟ್ಟುತ್ತಾರೆ.

"ದುಡ್ಡು ಕೊಟ್ಟು ಕೆಲಸ ಮಾಡ್ತಾರೋ ಮಾರಾಯ!" ಅಂದರು ಭಾವ. ನಮ್ಮ ಕಡೆ ಅಡಿಕೆ ಕೊಯ್ಯುವ ಕೊನೆಗೌಡನಿಗೆ ಎಷ್ಟು ಕೊಟ್ಟರೂ ಹೊತ್ತಿಗೆ ಸರಿಯಾಗಿ ಬಾರದೆ ಅಡಿಕೆ ಮರದಲ್ಲೇ ಹಣ್ಣಾಗುತ್ತದೆ. ಅವರಿಗೆ ಇದು ನಂಬಲು ಕಷ್ಟವಾದದ್ದು ಸಹಜ.

ಹೀಗೆ ಶಿರಸಿಯಲ್ಲಿ ಪಾರಂಪರಿಕ ರೈಲು ಸಮಿತಿ ಹುಟ್ಟಿತು. ಒಂದೇ ಸಣ್ಣ ತೊಡಕು. ಶಿರಸಿಯಲ್ಲಿ ರೈಲಿಲ್ಲ. ಪಶ್ಚಿಮಕ್ಕೆ ಕುಮಟಾದಲ್ಲಿದೆ, ದಕ್ಷಿಣಕ್ಕೆ ತಾಳಗುಪ್ಪದಲ್ಲಿದೆ, ಪೂರ್ವಕ್ಕೆ ಹಾವೇರಿಯಲ್ಲಿದೆ. ಊಟದ ಪಂಕ್ತಿಯಲ್ಲಿ ಆಚೀಚೆಯವರಿಗೆಲ್ಲ ಬಡಿಸಿ ನಮ್ಮ ಎಲೆ ಮಾತ್ರ ಬಿಟ್ಟ ಹಾಗೆ. ಘಟ್ಟದ ಕೆಳಗಿನವರಿಗೆ ಈ ಚಿಂತೆ ಇಲ್ಲ. 1998ರಿಂದ ಅವರಿಗೆ ಕೊಂಕಣ ರೈಲ್ವೆ. ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದದ ಸೇತುವೆ. ಅಲ್ಲಿಂದ ಘಟ್ಟ ಹತ್ತಿ ನಮಗೆ ಬರುವುದು ಮೀನಿನ ಗಾಡಿ. ಅದನ್ನೂ ನಮ್ಮ ಮನೆಯಲ್ಲಿ ತಿನ್ನುವುದಿಲ್ಲ.

ಸಭೆಯಲ್ಲಿ ಒಬ್ಬರು ಕೇಳಿಯೇಬಿಟ್ಟರು. "ರೈಲೇ ಇಲ್ಲದ ಊರಲ್ಲಿ ರೈಲಿನ ಪರಂಪರೆ ಎಲ್ಲಿಂದ ಬಂತು?"

ನಿವೃತ್ತ ಮಾಸ್ತರರು ಎದ್ದರು. "ಕಾರವಾರ ನೋಡಿ. ಕಡಲ ದಂಡೆಯಲ್ಲಿ ಚಾಪಲ್ ಯುದ್ಧನೌಕೆ ಮರಳ ಮೇಲೆ ಕೂತಿದೆ. ಜನ ಟಿಕೆಟ್ ತಗೊಂಡು ಹತ್ತಿ ಇಳೀತಾರೆ. ನೀರಿಲ್ಲದೆ ಹಡಗು ಇರಬಹುದಾದರೆ ಹಳಿ ಇಲ್ಲದೆ ರೈಲು ಯಾಕಿರಬಾರದು?" ಚಪ್ಪಾಳೆ ಬಿತ್ತು. ಆ ಹಡಗು ಮೊದಲು ಸಮುದ್ರದಲ್ಲಿ ಓಡಿತ್ತು ಅನ್ನುವುದು ಯಾರಿಗೂ ನೆನಪಾಗಲಿಲ್ಲ.

ಮಾಸ್ತರರು ಅಲ್ಲಿಗೇ ಬಿಡಲಿಲ್ಲ. ಪರಂಪರೆ ಅಂದರೆ ಹಳೆಯದು ತಾನೇ? ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಮಂಜೂರಾದದ್ದು 1990ರ ದಶಕದಲ್ಲಿ. ಅಡಿಗಲ್ಲು ಹಾಕಿದ್ದಾಯಿತು. ಘಟ್ಟದ ಕಾಡಿನ ತಕರಾರಿನಲ್ಲಿ ರೈಲು ಮಾತ್ರ ಇನ್ನೂ ಬಂದಿಲ್ಲ. ಆ ವರ್ಷ ಹುಟ್ಟಿದ ಮಕ್ಕಳು ಓದಿ, ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಮದುವೆಯಾಗಿ, ಈಗ ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಕಾಡು ಉಳಿಯಲಿ ಅನ್ನುವವರ ಮಾತಿನಲ್ಲಿ ತೂಕವಿದೆ, ಅದನ್ನು ನಾನು ಒಪ್ಪುತ್ತೇನೆ. ಘಟ್ಟ ಕಡಿದರೆ ಏನಾಗುತ್ತದೆ ಅಂತ ಪ್ರತಿ ಮಳೆಗಾಲ ತೋರಿಸಿಕೊಡುತ್ತದೆ. ನನಗೆ ನಗು ಬರುವುದು ಕಾಡಿನ ವಿಷಯಕ್ಕಲ್ಲ, ಕಲ್ಲಿನ ವಿಷಯಕ್ಕೆ. ಮೊದಲು ಕಲ್ಲು ನೆಟ್ಟು, ಆಮೇಲೆ ಕಾಡಿದೆಯಾ ಅಂತ ಹುಡುಕಲು ಹೊರಟ ಕ್ರಮಕ್ಕೆ. ಪ್ರತಿ ಚುನಾವಣೆಗೆ ಆ ರೈಲು ಒಮ್ಮೆ ಸಿಳ್ಳೆ ಹಾಕುತ್ತದೆ. ಮತ ಎಣಿಕೆಯ ದಿನ ಶೆಡ್ಡಿಗೆ ಹೋಗುತ್ತದೆ.

ಇನ್ನು ದಾಂಡೇಲಿ. ಅಲ್ಲಿಗೆ ಹಳಿ ಇದೆ. ಬ್ರಿಟಿಷರ ಕಾಲದಲ್ಲಿ ಮರ ಸಾಗಿಸಲು ಹಾಕಿದ್ದು, ಅಳ್ನಾವರದಿಂದ. 2019ರ ನವೆಂಬರಿನಲ್ಲಿ ಪ್ಯಾಸೆಂಜರ್ ಗಾಡಿ ಬಿಟ್ಟರು. ಐದು ತಿಂಗಳು ತುಂಬುವ ಮೊದಲೇ ಕೊರೊನಾ ಬಂತು, ಗಾಡಿ ನಿಂತಿತು. ಆಗ ಹತ್ತಿದ ಜನ ಟಿಕೆಟನ್ನು ಜೋಪಾನವಾಗಿ ಇಟ್ಟುಕೊಂಡಿದ್ದರೆ ಅದೂ ನಮ್ಮ ಮ್ಯೂಸಿಯಂ ಸಾಮಾನೇ, ಅಲ್ವಾ?

ಸರಿ, ಪರಂಪರೆ ಇದೆ ಅಂತ ತೀರ್ಮಾನವಾಯಿತು. ಗುಜರಿಯಿಂದ ಒಂದು ಹಳೆ ಬೋಗಿ ತರುವುದು, ಎಲ್ಲರೂ ಸೇರಿ ದುರಸ್ತಿ ಮಾಡುವುದು. ಪದಾಧಿಕಾರಿಗಳ ಆಯ್ಕೆ ಶುರುವಾಯಿತು. ಅಧ್ಯಕ್ಷರು, ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು, ಏಳು ಉಪಾಧ್ಯಕ್ಷರು. ಬಂದಿದ್ದು ಇಪ್ಪತ್ತಮೂರು ಜನ. ಹುದ್ದೆ ಇಪ್ಪತ್ತೆರಡು ಆಯಿತು. ಉಳಿದವ ನಾನು, ಚಹಾ ಹಂಚುತ್ತಿದ್ದೆ.

ಆಗ ಭಾವ ಎದ್ದು, ಅಲ್ಲಿ ಕೆಲಸ ಕಲಿಸುವ ಪದ್ಧತಿ ವಿವರಿಸಿದರು. ಯಾರೇ ಆಗಲಿ ಮೊದಲು ಕ್ಲೀನರ್. ಎಣ್ಣೆ ಅದ್ದಿದ ವೇಸ್ಟ್ ಬಟ್ಟೆ ಹಿಡಿದು ಎಂಜಿನ್ ಒರೆಸಬೇಕು. ಒರೆಸುವಾಗಲೇ ಯಾವ ಬೋಲ್ಟು ಸಡಿಲ, ಎಲ್ಲಿ ಬಿರುಕು ಅಂತ ಕಣ್ಣಿಗೆ ಬೀಳುವುದು. ವರ್ಷಗಳ ಮೇಲೆ ಎಂಜಿನ್ನಿನ ಬೆಂಕಿ ನೋಡಿಕೊಳ್ಳುವ ಫೈರ್‌ಮನ್. ಇನ್ನೂ ಎಷ್ಟೋ ವರ್ಷದ ಮೇಲೆ ಡ್ರೈವರ್. ಎಂಜಿನ್ ಅಂದರೆ ಗುಂಡಿ ಒತ್ತಿದರೆ ಓಡುವುದಲ್ಲ. ನಸುಕಿಗೇ ಎದ್ದು ಬೆಂಕಿ ಮಾಡಬೇಕು. ಆವಿ ಕೂಡಲು ಗಂಟೆಗಟ್ಟಲೆ ಬೇಕು. ಸುಮ್ನೆ ಬೆಂಕಿ ಜಾಸ್ತಿ ಮಾಡಿದರೆ ಬಾಯ್ಲರ್ ಹಾಳು. "ನಮ್ಮ ಬಚ್ಚಲೊಲೆ ಇದ್ದ ಹಾಗೇ," ಅಂದರು. "ಅದಕ್ಕೇ ಮೊದಲಿಗೆ ನಮಗೆ ಕ್ಲೀನರ್‌ಗಳು ಬೇಕು. ಯಾರು ಯಾರು ಬರ್ತೀರಿ?"

ಸಭೆ ತಣ್ಣಗಾಯಿತು. ನಮ್ಮಲ್ಲಿ ಕ್ಲೀನರ್ ಅಂದರೆ ಲಾರಿಯ ಎಡ ಬಾಗಿಲು ಬಡಿದು "ಬರ್ಲಿ ಬರ್ಲಿ" ಅನ್ನುವ ಹುಡುಗ.

"ಹೆಗಡೇರೆ, ನಾನು ಮೂವತ್ತು ವರ್ಷ ಸರ್ವಿಸ್ ಮಾಡಿದವ," ಅಂದರು ಒಬ್ಬರು.

"ನಮ್ಮನೆ ಮಾಣಿ ಮೆಕ್ಯಾನಿಕಲ್ ಇಂಜಿನಿಯರ್. ಬೇಕಾದರೆ ಆನ್‌ಲೈನಲ್ಲಿ ಸಲಹೆ ಕೊಡ್ತಾನೆ," ಅಂದರು ಇನ್ನೊಬ್ಬರು.

"ಕ್ಲೀನರ್ ಹುದ್ದೆಗೆ ಬೇರೆ ಹೆಸರು ಇಡೋಣ. ಸ್ವಚ್ಛತಾ ಉಪಾಧ್ಯಕ್ಷ," ಅಂತ ಮಾಸ್ತರರು ದಾರಿ ತೋರಿಸಿದರು. ಕೂಡಲೇ ನಾಲ್ಕು ಕೈ ಮೇಲೆದ್ದವು. ವೇಸ್ಟ್ ಬಟ್ಟೆ ನಿಜವಾಗಿ ಹಿಡಿಯಬೇಕು ಅಂತ ಭಾವ ಹೇಳಿದ ಮೇಲೆ ನಾಲ್ಕೂ ಇಳಿದವು.

ಅಲ್ಲಿಂದ ಮಾತು ಬೋಗಿಯ ಬಣ್ಣಕ್ಕೆ ಹೋಯಿತು. ಬಣ್ಣದಿಂದ ಪಕ್ಷಕ್ಕೆ ಹೋಯಿತು. ಅರ್ಧ ಗಂಟೆ ಅದೇ. ಬೋಗಿಯಲ್ಲಿ ಕ್ಯಾಂಟೀನ್ ಮಾಡುವ ವಿಷಯಕ್ಕೆ ಮಾತ್ರ ಎಲ್ಲರದೂ ಒಂದೇ ಮನಸ್ಸು. ತೊಡೆದೇವು ಇರಲಿ ಅಂತ ಕೆಲವರು, ಗೋಬಿ ಮಂಚೂರಿ ಇಲ್ಲದಿದ್ದರೆ ನಡೆಯುವುದಿಲ್ಲ ಅಂತ ಹಲವರು. ಕೊನೆಗೆ ಒಂದು ನಿರ್ಣಯವಾಯಿತು. ಬೋಗಿ ಆಮೇಲೆ. ಮೊದಲು ಬೋಗಿ ನಿಲ್ಲುವ ಜಾಗಕ್ಕೆ ಒಂದು ಅಡಿಗಲ್ಲು.

ಮರುದಿನ ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಭಾವ ಜಗಲಿಯಲ್ಲಿ ಇರಲಿಲ್ಲ. ಹಿತ್ತಿಲ ಕಡೆ ಹೋಗಿ ನೋಡಿದರೆ ಪಂಚೆ ಎತ್ತಿಕಟ್ಟಿ, ಬಚ್ಚಲ ತಾಮ್ರದ ಹಂಡೆಯನ್ನು ಅಂಗಳಕ್ಕೆ ಉರುಳಿಸಿಕೊಂಡು ಕೂತಿದ್ದಾರೆ. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಮೈಯೆಲ್ಲ ಮಸಿ. ಅರ್ಧ ಹಂಡೆ ಹೊಳೆಯುತ್ತಿತ್ತು.

"ಇದೆಂಥದು ಭಾವ?"

"ಕ್ಲೀನರ್ ಆಗಿದ್ದೇನೆ," ಅಂದರು ತಲೆ ಎತ್ತದೆ. "ಅಡ್ಡಿಯಿಲ್ಲ ಅನಿಸಿದರೆ ದೀಪಾವಳಿ ಹೊತ್ತಿಗೆ ಫೈರ್‌ಮನ್."

ಅಕ್ಕ ನನ್ನ ಕೈಗೆ ಚಹಾ ಕೊಟ್ಟು, ದನಿ ತಗ್ಗಿಸಿ ಹೇಳಿದಳು. "ಹಂಡೆ ಬೆಳಗಿ ಕೊಡಿ ಅಂತ ಮೂವತ್ತು ವರ್ಷದಿಂದ ಹೇಳ್ತಾ ಇದ್ದೆ. ನೀನು ನಡುವೆ ಬಾಯಿ ಹಾಕಬೇಡ. ಮೇಲೆ ಇನ್ನೂ ಎರಡು ಕೊಪ್ಪರಿಗೆ ಇದ್ದು."